ಗಿಳಿ ಸಾಕಿದರೆ ಅಪರಾಧ, ನಾಯಿ ಸಾಕಿದರೆ ಅಲ್ಲ: ಮನೆಯ ಪ್ರಾಣಿಗಳ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತದೆ?

ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಒಂದು ಮನೆಯಲ್ಲಿ ಲ್ಯಾಬ್ರಡಾರ್ ನಾಯಿ ಇದೆ, ಪಕ್ಕದ ಮನೆಯ ಬಾಲ್ಕನಿಯಲ್ಲಿ ಪಂಜರದೊಳಗೆ ಹಸಿರು ಗಿಳಿ ಇದೆ ಅಂದುಕೊಳ್ಳಿ. ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ ಯಾವುದರ ಬಗ್ಗೆ? ನಾಯಿ ಬಗ್ಗೆ. ಲಿಫ್ಟಿಗೆ ತರಬೇಡಿ, ಬೊಗಳದ ಹಾಗೆ ನೋಡಿಕೊಳ್ಳಿ, ಮಕ್ಕಳು ಹೆದರುತ್ತಾರೆ ಅಂತ ಶುರುವಾಗಿದ್ದು ಮನೆ ಖಾಲಿ ಮಾಡಿ ಅನ್ನುವವರೆಗೂ ಹೋಗುತ್ತದೆ. ಗಿಳಿ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಮಕ್ಕಳು ಹೋಗಿ ಮಾತಾಡಿಸಿಕೊಂಡು ಬರುತ್ತಾರೆ. ಆದರೆ ಕಾನೂನಿನ ಪ್ರಕಾರ ತಪ್ಪು ಮಾಡಿರುವುದು ಗಿಳಿ ಮನೆಯವರು. ಆ ಗಿಳಿಯನ್ನು ಪಂಜರದಲ್ಲಿ ಇಡುವ ಹಕ್ಕು ಯಾರಿಗೂ ಇಲ್ಲ. ನಾಯಿ ಸಾಕಬೇಡಿ ಅನ್ನುವ ಅಧಿಕಾರ ಅಸೋಸಿಯೇಷನ್‌ಗೂ ಇಲ್ಲ.

ಮನೆಯಲ್ಲಿ ಪ್ರಾಣಿ ಸಾಕುವ ವಿಷಯದಲ್ಲಿ ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. ಕೇಂದ್ರದ ಕಾಯ್ದೆಗಳಿವೆ, ಪಾಲಿಕೆಯ ನಿಯಮಗಳಿವೆ, ಅದರ ಕೆಳಗೆ ಅಸೋಸಿಯೇಷನ್ ಬೈಲಾ ಇದೆ, ಬಾಡಿಗೆ ಮನೆಯಾದರೆ ಕರಾರು ಪತ್ರ ಬೇರೆ. ಇಷ್ಟೆಲ್ಲ ಇದ್ದರೂ ಜಗಳ ನಡೆಯುವುದು ವಾಟ್ಸಾಪ್ ಗ್ರೂಪಿನಲ್ಲಿ, ತೀರ್ಮಾನ ಆಗುವುದು ಯಾರ ದನಿ ಜೋರೋ ಅವರ ಪರವಾಗಿ. ಇದಕ್ಕೆ ಜನರಿಗೆ ಕಾನೂನು ಗೊತ್ತಿಲ್ಲದಿರುವುದು ಒಂದು ಕಾರಣ. ಇನ್ನೊಂದು, ನನ್ನ ಪ್ರಕಾರ ದೊಡ್ಡ ಕಾರಣ, ನಮ್ಮ ಆಡಳಿತದ ಗಮನವೆಲ್ಲ ಯಾವ ಪ್ರಾಣಿ, ಯಾವ ತಳಿ, ಎಷ್ಟು ಅನ್ನುವುದರ ಮೇಲೇ ಇದೆ. ಸಾಕಿದ ಪ್ರಾಣಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದೀರಿ ಅಂತ ಕೇಳುವವರೇ ಇಲ್ಲ.

ಮೊದಲು ಗಿಳಿ ವಿಷಯ. ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮೂರ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತದೆ. ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಯಾವ ಜೀವಿಗೆ ಎಷ್ಟು ರಕ್ಷಣೆ ಅಂತ ಹೇಳುವ ಪಟ್ಟಿಗಳಿಗೆ ಶೆಡ್ಯೂಲ್ ಅನ್ನುತ್ತಾರೆ. ಮೊದಲು 4ನೇ ಶೆಡ್ಯೂಲಿನಲ್ಲಿದ್ದ ಗಿಳಿ ಈಗ 2ನೇ ಶೆಡ್ಯೂಲಿಗೆ ಬಂದಿದೆ. ಹಿಡಿದರೆ, ಮಾರಿದರೆ, ಕೊಂಡು ಮನೆಯಲ್ಲಿ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿದ್ದುಪಡಿಗೆ ಮುಂಚೆ ದಂಡದ ಮಿತಿ 25 ಸಾವಿರ ಇತ್ತು. 2023ರಲ್ಲಿ ತಮಿಳಿನ ಹಾಸ್ಯನಟರೊಬ್ಬರ ಮನೆಯಿಂದ ಅರಣ್ಯ ಇಲಾಖೆಯವರು ಗಿಳಿಗಳನ್ನು ತೆಗೆದುಕೊಂಡು ಹೋಗಿ ದಂಡ ಹಾಕಿದ್ದು ಸುದ್ದಿಯಾಗಿತ್ತು. ಆಗ ಎಷ್ಟೋ ಜನಕ್ಕೆ ಆಶ್ಚರ್ಯ. ಗಿಳಿ ಸಾಕಿದ್ದಕ್ಕೆ ದಂಡವಾ ಅಂತ.

"ಮರಿಯಿಂದ ಸಾಕಿದ್ದು, ಮನೆಯವರ ಹಾಗೇ ಇದೆ." "ನಾವು ಹಿಡಿದಿಲ್ಲ, ತಾನಾಗೇ ಹಾರಿ ಬಂದು ಕಿಟಕಿಯಲ್ಲಿ ಕೂತಿತ್ತು." ಇಂಥ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕಾಡುಪ್ರಾಣಿ ಸರ್ಕಾರದ ಆಸ್ತಿ ಅನ್ನುತ್ತದೆ ಕಾಯ್ದೆಯ 39ನೇ ಸೆಕ್ಷನ್. ಹೇಗಾದರೂ ನಿಮ್ಮ ಕೈಗೆ ಸಿಕ್ಕಿದ್ದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಪ್ರೀತಿಗೆ ಇಲ್ಲಿ ವಿನಾಯಿತಿ ಇಲ್ಲ. 2023ರಲ್ಲಿ ಸುದ್ದಿಯಾದ, ಉತ್ತರ ಪ್ರದೇಶದ ಅಮೇಠಿಯಲ್ಲಿ ಕಾಲು ಮುರಿದ ಸಾರಸ ಕೊಕ್ಕರೆಯನ್ನು ಉಳಿಸಿ, ತಿಂಗಳುಗಟ್ಟಲೆ ಜೊತೆಗಿಟ್ಟುಕೊಂಡ ರೈತರೊಬ್ಬರ ವಿಷಯ ನೆನಪಿರಬಹುದು. ಆ ಹಕ್ಕಿಯನ್ನು ಅವರು ಕಟ್ಟಿ ಹಾಕಿರಲಿಲ್ಲ, ಬಿಟ್ಟೇ ಇತ್ತು, ಅವರ ಬೈಕಿನ ಹಿಂದೆ ಹಾರಿಕೊಂಡು ಬರುತ್ತಿತ್ತು. ಆದರೂ ಅರಣ್ಯ ಇಲಾಖೆ ಅದನ್ನು ತೆಗೆದುಕೊಂಡು ಹೋಯಿತು, ಕೊನೆಗೆ ಅದು ಕಾನ್ಪುರದ ಮೃಗಾಲಯ ಸೇರಿತು, ಅವರಿಗೆ ನೋಟಿಸ್ ಬಂತು. ಆ ಪ್ರಕರಣದಲ್ಲಿ ಇಲಾಖೆ ಇನ್ನಷ್ಟು ಮಾನವೀಯವಾಗಿ ನಡೆದುಕೊಳ್ಳಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಹೊಂದಿಕೊಂಡಿದ್ದ ಹಕ್ಕಿಗೆ ಬೋನು ಯಾವ ರಕ್ಷಣೆ?

ಆದರೆ ಗಿಳಿಯ ವಿಷಯದಲ್ಲಿ ಕಾನೂನು ಸರಿಯಾಗೇ ಇದೆ. ಗಿಳಿ ಮರಿ ಮಾರುಕಟ್ಟೆಗೆ ಹೇಗೆ ಬರುತ್ತದೆ ಅಂತ ನೋಡಿದರೆ ಸಾಕು. ಗಿಳಿ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ರೆಕ್ಕೆ ಬಲಿಯುವ ಮೊದಲೇ ಮರಿಗಳನ್ನು ಪೊಟರೆಯಿಂದ ಎಳೆದು, ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಒತ್ತೊತ್ತಾಗಿ ತುಂಬಿ ಸಾಗಿಸುತ್ತಾರೆ. ದಾರಿಯಲ್ಲಿ ಸತ್ತಿದ್ದು ಲೆಕ್ಕಕ್ಕಿಲ್ಲ. ಉಳಿದಿದ್ದರ ರೆಕ್ಕೆಗರಿ ಕತ್ತರಿಸುತ್ತಾರೆ. ಹಿಂಡಿನಲ್ಲಿ ಹಾರಿ, ಹಿಂಡಿನಲ್ಲೇ ಕೂಗಾಡಿ ಬದುಕುವ ಹಕ್ಕಿ ಅದು. ಒಂದು ಮೊಳದ ಪಂಜರದಲ್ಲಿ ಒಂಟಿಯಾಗಿ ಕೂತ ಗಿಳಿಯನ್ನು ಹತ್ತಿರದಿಂದ ಗಮನಿಸಿ ನೋಡಿ. ಒಂದೇ ಕಡೆ ತಲೆ ಆಡಿಸುತ್ತಾ ಇರುತ್ತದೆ. ಕೆಲವು ತಮ್ಮ ಎದೆಯ ಗರಿಯನ್ನು ತಾವೇ ಕಿತ್ತುಕೊಳ್ಳುತ್ತವೆ, ಚರ್ಮ ಕಾಣುವ ತನಕ. ಅದನ್ನು ನಾವು ಆಟ ಅಂದುಕೊಂಡು ನಗುತ್ತೇವೆ. ಅದು ಆಟ ಅಲ್ಲ, ಸಂಕಟ.

ನಕ್ಷತ್ರ ಆಮೆಯ ಕತೆಯೂ ಇಂಥದ್ದೇ, ಶಿಕ್ಷೆ ಮಾತ್ರ ಇನ್ನೂ ಜಾಸ್ತಿ. ಮನೆಯಲ್ಲಿಟ್ಟರೆ ಅದೃಷ್ಟ ಅನ್ನುವ ನಂಬಿಕೆಯಿಂದ ಜನ ಕೊಳ್ಳುತ್ತಾರೆ. ಅದು 1ನೇ ಶೆಡ್ಯೂಲಿನ ಪ್ರಾಣಿ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ಕುರುಚಲು ಕಾಡಿನಲ್ಲಿ ಹುಲ್ಲು ಸೊಪ್ಪು ತಿಂದುಕೊಂಡು ಬಿಸಿಲಲ್ಲಿ ಓಡಾಡುವ ಜೀವ ಅದು. ಅದನ್ನು ತಂದು ಟೈಲ್ಸ್ ನೆಲದ ಮೇಲೆ ಬಿಟ್ಟು, ಸಿಕ್ಕಿದ್ದನ್ನೆಲ್ಲ ತಿನ್ನಿಸಿದರೆ ಚಿಪ್ಪು ಉಬ್ಬುಬ್ಬಾಗಿ ವಿಕಾರವಾಗುತ್ತದೆ.

ಹಾಗಾದರೆ ಪೆಟ್ ಶಾಪಿನಲ್ಲಿ ಮಾರುವ ಬಣ್ಣಬಣ್ಣದ ಹಕ್ಕಿಗಳು? ಅವು ಹೊರದೇಶದ ಮೂಲದವು, ನಮ್ಮ ಕಾಡಿನವಲ್ಲ, ಹಾಗಾಗಿ ಸಾಕಬಹುದು. ಆದರೆ ಇಲ್ಲೂ ಈಗ ಹೊಸ ನಿಯಮ ಬಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಪ್ರಾಣಿ ಪಕ್ಷಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಒಪ್ಪಂದ ಇದೆ. ಅದರ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಮನೆಯಲ್ಲಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ಕೇಂದ್ರ ನಿಯಮ ತಂದಿತು. ಆಗಲೇ ಇದ್ದವಕ್ಕೆ ಆರು ತಿಂಗಳ ಗಡುವು ಕೊಟ್ಟಿತ್ತು. ಮಕಾವ್, ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾ, ಬಾಲ್ ಪೈಥಾನ್ ಎಲ್ಲ ಇದರಲ್ಲಿ ಬರುತ್ತವೆ. ಇಲ್ಲೊಂದು ಸೂಕ್ಷ್ಮ ನೋಡಿ. ಅಂಗಡಿಯವರು ಸುಮ್ನೆ ಎಲ್ಲದಕ್ಕೂ ಲವ್ ಬರ್ಡ್ಸ್ ಅಂದುಬಿಡುತ್ತಾರೆ. ಆ ಹೆಸರಿನಲ್ಲಿ ಜಾಸ್ತಿ ಮಾರುವ ಬಜರಿಗಾರ್ ಸೈಟಿಸ್ ಪಟ್ಟಿಯಲ್ಲಿಲ್ಲ, ಕಾಕಟೀಲ್ ಇಲ್ಲ, ಪೀಚ್ ಬಣ್ಣದ ಮುಖದ ಲವ್ ಬರ್ಡ್ ಕೂಡ ಇಲ್ಲ. ಆದರೆ ಅದರ ಹತ್ತಿರದ ನೆಂಟ ಫಿಷರ್ಸ್ ಲವ್ ಬರ್ಡ್ ಪಟ್ಟಿಯಲ್ಲಿದೆ. ಎರಡೂ ಒಂದೇ ಪಂಜರದಲ್ಲಿದ್ದರೆ ಒಂದಕ್ಕೆ ನೋಂದಣಿ ಬೇಕು, ಇನ್ನೊಂದಕ್ಕೆ ಬೇಡ. ಇದನ್ನು ಕೊಳ್ಳುವವರಿಗೆ ಹೇಳಬೇಕಾದವರು ಅಂಗಡಿಯವರು. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಆ ಅಂಗಡಿಯೂ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಹಕ್ಕಿ ಕೊಳ್ಳುವ ಮುಂಚೆ ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ, ಬಿಲ್ ಇಸಿದುಕೊಳ್ಳಿ.

ಇನ್ನು ನಾಯಿ. ಅಸೋಸಿಯೇಷನ್‌ಗಳು ಪದೇ ಪದೇ ಎಡವುವುದು ಇಲ್ಲೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಅದರಲ್ಲಿ ಇರುವುದು ಸ್ಪಷ್ಟವಾಗಿದೆ. ಮೆಜಾರಿಟಿ ಇದ್ದರೂ, ಜನರಲ್ ಬಾಡಿಯಲ್ಲಿ ಕೈ ಎತ್ತಿ ಪಾಸ್ ಮಾಡಿದರೂ, ಸಾಕುಪ್ರಾಣಿಗಳನ್ನು ನಿಷೇಧಿಸುವ ಬೈಲಾ ಮಾಡುವಂತಿಲ್ಲ. ಇಂಥ ತಳಿ ಬೇಡ, ಇಷ್ಟು ದೊಡ್ಡ ನಾಯಿ ಬೇಡ ಅನ್ನುವಂತಿಲ್ಲ. ಲಿಫ್ಟಿಗೆ ಬಿಡುವುದಿಲ್ಲ ಅನ್ನುವಂತಿಲ್ಲ, ಅದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ. ಬೊಗಳುತ್ತದೆ ಅನ್ನುವುದೂ ನಿಷೇಧಕ್ಕೆ ಕಾರಣ ಆಗುವುದಿಲ್ಲ.

"ಅದು ಬರೀ ಮಾರ್ಗಸೂಚಿ, ಕಾನೂನಲ್ಲ" ಅಂತ ಅಸೋಸಿಯೇಷನ್‌ನವರು ವಾದ ಮಾಡುತ್ತಾರೆ. ಮಾರ್ಗಸೂಚಿ ಅನ್ನುವುದು ನಿಜ. ಆದರೆ ಅದರ ಬೆನ್ನಿಗೆ ಸಂವಿಧಾನದ 51ಎ(ಜಿ) ವಿಧಿ ಇದೆ, ಜೀವಿಗಳ ಬಗ್ಗೆ ಕರುಣೆ ತೋರುವುದು ನಾಗರಿಕರ ಕರ್ತವ್ಯ ಅನ್ನುವುದು. ಕೋರ್ಟುಗಳೂ ಅದೇ ದಾರಿಯಲ್ಲಿ ಹೋಗಿವೆ. ಫ್ಲ್ಯಾಟಿನವರು ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಅನ್ನುವ ಬೈಲಾ ಊರ್ಜಿತ ಅಲ್ಲ ಅಂತ ಕೇರಳ ಹೈಕೋರ್ಟ್ 2021ರಲ್ಲಿ ಹೇಳಿತು. ಅದಕ್ಕೂ ಮುಂಚೆ, 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಬೆಕ್ಕಿನ ಆಹಾರ ತರಲು ಪೊಲೀಸರು ಪಾಸ್ ಕೊಡಲಿಲ್ಲ ಅಂತ ಒಬ್ಬರು ಅದೇ ಕೋರ್ಟಿಗೆ ಹೋದಾಗ ಅವರ ಪರವಾಗಿ ಆದೇಶ ಬಂದಿತ್ತು. ಬೆಕ್ಕಿನ ಊಟದಂಥ ಚಿಕ್ಕ ವಿಷಯವನ್ನು ಕೋರ್ಟು ಚಿಕ್ಕದು ಅಂತ ತಳ್ಳಿಹಾಕಲಿಲ್ಲ ಅನ್ನುವುದು ನನಗೆ ಇವತ್ತಿಗೂ ದೊಡ್ಡ ಸಮಾಧಾನ ಕೊಡುವ ವಿಷಯ.

ಬಾಡಿಗೆದಾರರ ಮಾತು ಬೇರೆ. ಅಸೋಸಿಯೇಷನ್ ತಡೆಯುವಂತಿಲ್ಲ, ಆದರೆ ಮನೆ ಮಾಲೀಕರು ನಾಯಿ ಇರುವವರಿಗೆ ಮನೆ ಕೊಡುವುದಿಲ್ಲ ಅನ್ನಬಹುದು. ಅದು ಅವರಿಬ್ಬರ ನಡುವಿನ ಕರಾರು. ಹಾಗಾಗಿ ಕರಾರು ಪತ್ರದಲ್ಲೇ ಸಾಕುಪ್ರಾಣಿಗೆ ಒಪ್ಪಿಗೆ ಇದೆ ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ನಂಬಿಕೊಂಡು ಕೂತರೆ ಕಷ್ಟ. ಒಪ್ಪಿಗೆ ಕೊಟ್ಟ ಮಾಲೀಕರ ಮೇಲೆ ಅಸೋಸಿಯೇಷನ್ ಒತ್ತಡ ಹಾಕಿದಾಗ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಹಾಗಂತ ನಾಯಿ ಸಾಕುವವರದ್ದು ಎಲ್ಲ ಸರಿ ಅಂತಲ್ಲ. ನಾಯಿ ಕಂಡರೆ ನಿಜವಾಗಲೂ ನಡುಗುವವರು ಇರುತ್ತಾರೆ. ಹಿಂದೊಮ್ಮೆ ಕಚ್ಚಿಸಿಕೊಂಡವರು ಇರುತ್ತಾರೆ, ವಯಸ್ಸಾದವರು ಇರುತ್ತಾರೆ. "ನಮ್ಮದು ಏನೂ ಮಾಡಲ್ಲ ಬನ್ನಿ" ಅಂದುಬಿಟ್ಟರೆ ಅವರ ಹೆದರಿಕೆ ಹೋಗುತ್ತದಾ? ಲಿಫ್ಟಿನಲ್ಲಿ ಅಂಥವರು ಇದ್ದರೆ ಮುಂದಿನ ಲಿಫ್ಟಿಗೆ ಕಾಯಬೇಕು. ಕೊರಳಿಗೆ ಬೆಲ್ಟ್ ಇರಬೇಕು, ಬೆಲ್ಟಿನ ಇನ್ನೊಂದು ತುದಿ ನಿಮ್ಮ ಕೈಯಲ್ಲಿರಬೇಕು. ಪಾರ್ಕಿಂಗಿನಲ್ಲಿ ಗಲೀಜು ಮಾಡಿದರೆ ನೀವೇ ತೆಗೆಯಬೇಕು, ಹೌಸ್‌ಕೀಪಿಂಗಿನವರ ತಲೆಗೆ ಕಟ್ಟಬಾರದು. 2015ರ ಸುತ್ತೋಲೆ ಸಾಕುವವರಿಗೂ ಇದನ್ನೇ ಹೇಳುತ್ತದೆ. ನಿಮ್ಮ ಉದಾಸೀನದಿಂದ ನಾಯಿ ಯಾರಿಗಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. 6 ತಿಂಗಳವರೆಗೆ ಜೈಲು, ಇಲ್ಲವೇ 5 ಸಾವಿರದವರೆಗೆ ದಂಡ, ಅಥವಾ ಎರಡೂ. ನೋಯ್ಡಾದಂಥ ಊರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲಿ 2022ರಲ್ಲಿ ಮಾಡಿದ ನಿಯಮದ ಪ್ರಕಾರ ಸಾಕಿದ ನಾಯಿ ಕಚ್ಚಿದರೆ 10 ಸಾವಿರ ದಂಡ, ಮೇಲೆ ಗಾಯಗೊಂಡವರ ಚಿಕಿತ್ಸೆಯ ಖರ್ಚು. ಇದು ನನಗೆ ನ್ಯಾಯ ಅನ್ನಿಸುತ್ತದೆ, ಯಾಕೆಂದರೆ ಇದು ಸಾಕುವವರ ನಡತೆಯನ್ನು ನೋಡುತ್ತದೆ, ನಾಯಿಯ ಜಾತಿಯನ್ನಲ್ಲ.

ನಮ್ಮ ಬೆಂಗಳೂರಿನಲ್ಲಿ 2018ರಲ್ಲಿ ಬಿಬಿಎಂಪಿ ಒಂದು ಬೈಲಾ ತರಲು ಹೊರಟಿತ್ತು. ಫ್ಲ್ಯಾಟಿಗೆ ಒಂದು ನಾಯಿ, ಸ್ವಂತ ಮನೆಗೆ ಮೂರು, ಅದೂ ಪಟ್ಟಿಯಲ್ಲಿರುವ ತಳಿ ಮಾತ್ರ. ಜನ ಸಿಡಿದೆದ್ದರು. ಬೈಲಾ ಜಾರಿಗೆ ಬರಲಿಲ್ಲ. ಅದು ಜಾರಿಗೆ ಬಂದಿದ್ದರೆ ಆಗಲೇ ಎರಡು ನಾಯಿ ಇದ್ದ ಫ್ಲ್ಯಾಟಿನವರು ಒಂದನ್ನು ಏನು ಮಾಡಬೇಕಿತ್ತು? ರಾತ್ರೋರಾತ್ರಿ ಯಾವುದೋ ರಸ್ತೆಯಲ್ಲಿ ಇಳಿಸಿ ಬರುವವರು ಖಂಡಿತ ಇರುತ್ತಿದ್ದರು. ಅಂದರೆ ಬೀದಿನಾಯಿ ಕಮ್ಮಿ ಮಾಡಬೇಕಾದ ಪಾಲಿಕೆಯ ನಿಯಮವೇ ಬೀದಿಗೆ ನಾಯಿಗಳನ್ನು ತಳ್ಳುತ್ತಿತ್ತು.

ಆರು ವರ್ಷ ಬಿಟ್ಟು ಅದೇ ತಪ್ಪನ್ನು ಕೇಂದ್ರ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮಾಡಿತು. 2024ರ ಮಾರ್ಚ್ 12ರಂದು ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೋ, ಅಕಿಟಾ ಸೇರಿ 23 ತಳಿಗಳಿಗೆ ಲೈಸೆನ್ಸ್ ಕೊಡಬೇಡಿ, ಮಾರಲು ಬಿಡಬೇಡಿ, ಈಗಾಗಲೇ ಮನೆಯಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಅಂತ. ಹಿನ್ನೆಲೆ ಇರಲಿಲ್ಲ ಅಂತಲ್ಲ. 2022ರಲ್ಲಿ ಲಖನೌದಲ್ಲಿ ಪಿಟ್‌ಬುಲ್ ತನ್ನ ಮನೆಯ ಹಿರಿಯರನ್ನೇ ಕೊಂದಿತ್ತು, ಅದೇ ವರ್ಷ ಗಾಜಿಯಾಬಾದ್ ಪಾಲಿಕೆ ಮೂರು ತಳಿಗಳನ್ನು ನಿಷೇಧಿಸಿತ್ತು. ಆದರೆ ಸುತ್ತೋಲೆ ಬಂದು ಒಂದು ತಿಂಗಳು ತುಂಬುವ ಮೊದಲೇ, ಏಪ್ರಿಲ್ 10ಕ್ಕೆ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅನ್ನುವುದು ಮುಖ್ಯ ಕಾರಣ. ನಾಯಿ ಸಾಕುವವರನ್ನಾಗಲಿ, ಈ ವಿಷಯದಲ್ಲಿ ಪಳಗಿದ ಸಂಘಟನೆಗಳನ್ನಾಗಲಿ ಕರೆದು ಮಾತಾಡಿಸಿರಲಿಲ್ಲ.

ತಳಿ ನಿಷೇಧ ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಮೊದಲನೆಯದಾಗಿ ತಳಿ ಗುರುತಿಸುವುದೇ ಕಷ್ಟ. ನಮ್ಮಲ್ಲಿ ಬಹಳಷ್ಟು ನಾಯಿಗಳು ಮಿಶ್ರ ತಳಿ, ಪೇಪರ್ ಇರುವುದಿಲ್ಲ, ಪಾಲಿಕೆ ಸಿಬ್ಬಂದಿ ಮುಖ ನೋಡಿ ಹೇಳಬೇಕು. ಅದಕ್ಕಿಂತ ಮುಖ್ಯ, ನಾಯಿ ಯಾಕೆ ಕಚ್ಚುತ್ತದೆ ಅನ್ನುವ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಕಿತ್ತು ಮಾರುವುದು 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ತಪ್ಪು. ಆದರೂ ರಸ್ತೆ ಬದಿಯಲ್ಲಿ ಕಣ್ಣು ಬಿಟ್ಟು ನಾಲ್ಕು ದಿನ ಆಗಿರದ ಮರಿಗಳು ಮಾರಾಟಕ್ಕಿರುತ್ತವೆ. ಅಂಥ ಮರಿ ಮನೆಗೆ ಬಂದು, ಮುದ್ದಿನ ವಯಸ್ಸು ಮುಗಿದ ಮೇಲೆ ಬಾಲ್ಕನಿಯ ಕಂಬಿಗೆ ಸರಪಳಿ ಬೀಳುತ್ತದೆ. ಎರಡು ಮೊಳದ ಸರಪಳಿ. ಅದು ಎಟುಕುವಷ್ಟು ಜಾಗದಲ್ಲೇ ನಾಯಿ ಉಣ್ಣಬೇಕು, ಅಲ್ಲೇ ಹೇಲಬೇಕು, ಅಲ್ಲೇ ಮಲಗಬೇಕು. ನೆಲದ ಮೇಲೆ ಸರಪಳಿ ಉಜ್ಜಿ ಉಜ್ಜಿ ಅರ್ಧ ವೃತ್ತದ ಗುರುತು ಬಿದ್ದಿರುತ್ತದೆ. ಮನುಷ್ಯರ ಜೊತೆ, ಬೇರೆ ನಾಯಿಗಳ ಜೊತೆ ಬೆರೆತು ಗೊತ್ತಿಲ್ಲದ ಆ ನಾಯಿ ಒಂದು ದಿನ ಬಿಡಿಸಿಕೊಂಡು ಬಂದರೆ ಯಾವ ತಳಿಯಾದರೇನು, ಅಪಾಯವೇ.

ಆ ಸರಪಳಿಗೆ ಕಾನೂನು ಇದೆ ಗೊತ್ತಾ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಮಿತಿಮೀರಿ ಕಟ್ಟಿಹಾಕುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು ಅಪರಾಧ. ಊಟ, ನೀರು, ನೆರಳು ಕೊಡದಿರುವುದು, ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವುದು, ಎಲ್ಲವೂ. 60 ವರ್ಷದ ಹಿಂದೆಯೇ ಇಷ್ಟು ಚೆನ್ನಾಗಿ ಯೋಚಿಸಿ ಬರೆದ ಕಾನೂನು. ಆದರೆ ಶಿಕ್ಷೆ? ಮೊದಲ ಸಲ 10 ರೂಪಾಯಿಯಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಅಥವಾ 3 ತಿಂಗಳವರೆಗೆ ಜೈಲು. ದಶಕಗಳ ಹಿಂದೆ ಬರೆದ ಮೊತ್ತ ಇವತ್ತಿಗೂ ಹಾಗೇ ಇದೆ. ದೂರು ಕೊಡಲು ಠಾಣೆಗೆ ಹೋದವರಿಗೆ, 50 ರೂಪಾಯಿ ಕೇಸಿಗೆ ಯಾಕೆ ಸ್ವಾಮಿ ತಲೆ ಕೆಡಿಸಿಕೊಳ್ಳುತ್ತೀರಿ ಅನ್ನುವ ಉತ್ತರ ಸಿಗುವುದು ಇದಕ್ಕೇ. ದಂಡ ಹೆಚ್ಚಿಸಿ, ಘೋರ ಹಿಂಸೆಗೆ ಬೇರೆ ಶಿಕ್ಷೆ ಇಡುವ ತಿದ್ದುಪಡಿ ಕರಡನ್ನು ಕೇಂದ್ರ 2022ರ ನವೆಂಬರ್‌ನಲ್ಲಿ ಜನರ ಮುಂದಿಟ್ಟಿತ್ತು. ತಳಿ ನಿಷೇಧಕ್ಕೆ ತೋರಿಸಿದ ಅವಸರವನ್ನು ಇದಕ್ಕೆ ತೋರಿಸಲಿಲ್ಲ. ಸದ್ಯಕ್ಕೆ ಕೈಗೆ ಸಿಗುವ ಗಟ್ಟಿ ಅಸ್ತ್ರ ಅಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು. ಆದರೆ ಅದು ಸತ್ತ ಮೇಲೆ, ಕೈಕಾಲು ಮುರಿದ ಮೇಲೆ ಬರುವ ಕಾನೂನು. ಸರಪಳಿಯಲ್ಲಿ ನವೆಯುತ್ತಿರುವ ನಾಯಿಗೆ ಇವತ್ತಿಗೂ ಬೆಲೆ 50 ರೂಪಾಯಿ.

ದನ, ಎಮ್ಮೆ ಬಗ್ಗೆಯೂ ನಿಯಮ ಇದೆ. ಒಂದು ಲಕ್ಷಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ಊರಿನಲ್ಲಿ ಲಾಭಕ್ಕಾಗಿ ಐದು ಅಥವಾ ಹೆಚ್ಚು ದನ ಕಟ್ಟಿದವರು ಆ ಕೊಟ್ಟಿಗೆಯನ್ನು ನೋಂದಾಯಿಸಬೇಕು ಅನ್ನುತ್ತವೆ 1978ರ ನಿಯಮಗಳು. ಹಾಲು ಕರೆದುಕೊಂಡು ಮೇಯಲು ರಸ್ತೆಗೆ ಬಿಡುವುದು, ಅವು ಪ್ಲಾಸ್ಟಿಕ್ ತಿಂದು ಹೊಟ್ಟೆಯುಬ್ಬರಿಸಿ ಸಾಯುವುದು, ಇದಕ್ಕೆಲ್ಲ ಹೊಸ ಕಾನೂನೇನೂ ಬೇಕಿಲ್ಲ. ಇರುವುದನ್ನು ಜಾರಿ ಮಾಡಿದರೆ ಸಾಕು. ಬೆಕ್ಕು, ಮೊಲ, ಗಿನಿ ಪಿಗ್ ಇವಕ್ಕೆ ಬಹುತೇಕ ಕಡೆ ಲೈಸೆನ್ಸ್ ಗೋಜಿಲ್ಲ. ಆದರೆ ಹಿಂಸೆ ತಡೆ ಕಾಯ್ದೆ ಅವಕ್ಕೂ ಅನ್ವಯ ಆಗುತ್ತದೆ.

2025ರಲ್ಲಿ ಸುಪ್ರೀಂ ಕೋರ್ಟಿನ ಬೀದಿನಾಯಿ ಆದೇಶಗಳು ದೇಶವನ್ನೇ ಎರಡು ಪಾಲು ಮಾಡಿದವು. ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಅಂತ ಒಂದು ಪೀಠ ಹೇಳಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿ, ರೇಬಿಸ್ ಇರುವ ಮತ್ತು ದಾಳಿ ಮಾಡುವ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ಬಿಡಿ ಅಂದಿತು. ಆ ಗಲಾಟೆಯಲ್ಲಿ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಬೀದಿಯಲ್ಲಿ ಇರುವ ನಾಯಿಗಳಲ್ಲಿ ಮನೆಯಿಂದ ಬಂದವೂ ಇವೆ. ಮನೆ ಬದಲಾಯಿಸುವಾಗ ಬಿಟ್ಟವು, ಕಾಯಿಲೆ ಬಂತು ಅಂತ ಬಿಟ್ಟವು, ಹೆಣ್ಣು ಮರಿ ಅಂತ ಬಿಟ್ಟವು. ಸಾಕಿದ ಪ್ರಾಣಿಯ ಲಸಿಕೆ, ಸಂತಾನಹರಣ ಮಾಲೀಕರ ಹೊಣೆ ಅಂತ 2023ರ ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಆದರೆ ಯಾರ ನಾಯಿ ಅಂತ ಗೊತ್ತಾದರೆ ತಾನೇ ಹೊಣೆ ಹೊರಿಸುವುದು?

ಪಾಲಿಕೆ, ನಗರಸಭೆಗಳು ಕೈ ಹಾಕಬೇಕಾದ ಕೆಲಸ ಇದು. ನಾಯಿಗೆ ಲೈಸೆನ್ಸ್ ಕೊಡುವಾಗ ಮೈಕ್ರೋಚಿಪ್ ಹಾಕಿಸಿ, ಅದರಲ್ಲಿ ಸಾಕಿದವರ ವಿವರ ಸೇರಿಸಿದರೆ ಬಿಟ್ಟುಹೋದವರು ಸಿಗುತ್ತಾರೆ. ಸಂತಾನಹರಣ ಮಾಡಿಸಿದವರಿಗೆ ಶುಲ್ಕ ಕಮ್ಮಿ ಮಾಡಬಹುದು. ವಾರ್ಡಿಗೊಂದು ಕಡೆ ಬಡವರ ನಾಯಿ ಬೆಕ್ಕುಗಳಿಗೂ ಉಚಿತವಾಗಿ ರೇಬಿಸ್ ಲಸಿಕೆ ಸಿಗುವ ಹಾಗೆ ಮಾಡಬಹುದು. ಲೈಸೆನ್ಸ್ ನವೀಕರಿಸುವ ಹೊತ್ತಿಗೆ ಪಶುವೈದ್ಯರು ಒಮ್ಮೆ ನಾಯಿಯನ್ನು ಕಣ್ಣಾರೆ ನೋಡಲಿ. ಕೊರಳಲ್ಲಿ ಸರಪಳಿಯ ಗಾಯ ಇದೆಯಾ, ಮೈ ಸೊರಗಿದೆಯಾ, ಮನುಷ್ಯರನ್ನು ಕಂಡರೆ ಬೆದರುತ್ತದಾ, ಇಷ್ಟು ನೋಡಲು ಐದು ನಿಮಿಷ ಸಾಕು. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳಾಗಿವೆ. ಪ್ರಾಣಿಗಳ ಬೈಲಾವನ್ನು ಹೊಸದಾಗಿ ಬರೆಯಲು ಕೂತಾಗ ಫ್ಲ್ಯಾಟಿಗೆ ಎಷ್ಟು ನಾಯಿ ಅನ್ನುವುದರಿಂದ ಶುರು ಮಾಡದೆ, ಈ ಐದು ನಿಮಿಷದ ತಪಾಸಣೆಯಿಂದ ಶುರು ಮಾಡಲಿ.